ಮಾದರಿ ವಾಹನದ ತೋಳಿಗೆ ಲೋಹವೋ, ನೈಲಾನೋ?

ರೇಡಿಯೋ ನಿಯಂತ್ರಿತ ಮಾದರಿ ವಾಹನದಲ್ಲಿ ಚಕ್ರವನ್ನು ಚೌಕಟ್ಟಿಗೆ ಸೇರಿಸುವ ನೈಲಾನ್ ತೋಳನ್ನು ಕಿತ್ತು ಅಲ್ಯೂಮಿನಿಯಂ ತೋಳನ್ನು ತೊಡಿಸುವವರು ಹಲವರು. 6061-ಟಿ6 ಎಂಬ ಮಿಶ್ರಲೋಹವು ಸುಮಾರು 275 ಮೆಗಾಪ್ಯಾಸ್ಕಲ್ ಪೀಡನದವರೆಗೆ ಶಾಶ್ವತವಾಗಿ ವಿರೂಪಗೊಳ್ಳದೆಂಬುದು ನಿಜ; ನೈಲಾನಿಗೆ ಅಷ್ಟು ಬಲವಿಲ್ಲ. ಆದರೆ ಉದ್ದದ ಶೇಕಡಾ 0.4ರಷ್ಟು ಹಿಗ್ಗಿದೊಡನೆಯೇ ಲೋಹವು ಆ ಮಿತಿಯನ್ನು ಮುಟ್ಟುತ್ತದೆ. ನೈಲಾನು ಅದರ ಹಲವು ಪಟ್ಟು ಹಿಗ್ಗಿಯೂ ಪೂರ್ವಾಕಾರಕ್ಕೆ ಮರಳಬಲ್ಲದು. ಕಲ್ಲಿಗೆ ಬಡಿದಾಗ ನೈಲಾನ್ ತೋಳು ಬಾಗಿ ಆಘಾತವನ್ನು ನುಂಗುತ್ತದೆ. ಲೋಹದ್ದು ಸೊಟ್ಟಗಾಗುತ್ತದೆ, ಇಲ್ಲವೆ ಪೆಟ್ಟನ್ನು ದಾಟಿಸಿ ಚೌಕಟ್ಟನ್ನೇ ಮುರಿಯುತ್ತದೆ. ಈ ಎರಡನೆಯದೇ ಹೆಚ್ಚು ದುಬಾರಿ.

ಹಲ್ಲುಚಕ್ರ, ಅಚ್ಚುಗಳ ಮಾತು ಬೇರೆ. ಅಲ್ಲಿ ಸವೆತವೇ ಮುಖ್ಯ ಶತ್ರುವಾದ್ದರಿಂದ, ಅಲ್ಯೂಮಿನಿಯಮಿನ ಸುಮಾರು ಮೂರರಷ್ಟು ಸಾಂದ್ರವಾಗಿದ್ದರೂ ಹದಗೊಳಿಸಿದ ಉಕ್ಕನ್ನೇ ಆರಿಸತಕ್ಕದ್ದು.

ನೈಲಾನಿಗೂ ಒಂದು ಉಪಚಾರವುಂಟು. ತೀರ ಒಣಗಿದ ನೈಲಾನು ಪೆಡಸು. ನೀರಿನಲ್ಲಿ ಕುದಿಸಿದರೆ ತೇವವನ್ನು ಹೀರಿ ಬಳುಕುತ್ತದೆ.