ಎರಡು ಬೂದು ಬಣ್ಣಗಳು: ನಿಮ್ಮ ಗೋಡೆಗೆ ಯಾವುದು?

ಗೃಹಪ್ರವೇಶಕ್ಕೆ ಮೊದಲಿರಲಿ, ಮನೆ ಮಾರುವ ಮೊದಲಿರಲಿ, ಇಲ್ಲಿ ಅಮೆರಿಕದಲ್ಲಿ ಗೋಡೆ ಬಣ್ಣದ ಮಾತು ಬಂದಾಗ ಎರಡು ಹೆಸರು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಶೆರ್ವಿನ್-ವಿಲಿಯಮ್ಸ್ ಕಂಪನಿಯ ಅಗ್ರೀಯಬಲ್ ಗ್ರೇ (ಸಂಖ್ಯೆ 7029) ಮತ್ತು ರಿಪೋಸ್ ಗ್ರೇ (ಸಂಖ್ಯೆ 7015). ಅಂಗಡಿಯ ಪುಟ್ಟ ಚೀಟಿಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಗೋಡೆಯ ಮೇಲೆ ಹಾಗಲ್ಲ.

ಗೋಡೆ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದನ್ನು ತಿಳಿಸಲು ಎಲ್‌ಆರ್‌ವಿ ಎಂಬ ಅಳತೆಯಿದೆ. ಅಚ್ಚ ಕಪ್ಪಿಗೆ 0, ಅಚ್ಚ ಬಿಳಿಗೆ 100. ಅಗ್ರೀಯಬಲ್‌ಗೆ 60, ರಿಪೋಸ್‌ಗೆ 58. ಅಂದರೆ ಬೆಳಕಿನ ವಿಷಯದಲ್ಲಿ ಇವು ಅವಳಿ-ಜವಳಿ. ವ್ಯತ್ಯಾಸವಿರುವುದು ಒಳಛಾಯೆಯಲ್ಲಿ. ಅಗ್ರೀಯಬಲ್‌ನ ಬೂದಿಯಲ್ಲಿ ಮಣ್ಣಿನ ಬೆಚ್ಚನೆಯ ಛಾಯೆ ಬೆರೆತಿದೆ. ರಿಪೋಸ್ ತುಸು ತಂಪು. ಕೆಲವು ಬೆಳಕಿನಲ್ಲಿ ಅದರೊಳಗಿನ ನಸುನೇರಳೆ ಇಣುಕುತ್ತದೆ.

ಉತ್ತರಕ್ಕೆ ಕಿಟಕಿಯಿರುವ ಕೋಣೆಗೆ ನೇರ ಬಿಸಿಲು ಕಡಿಮೆ, ಬರುವ ಬೆಳಕೂ ನೀಲಿಯತ್ತ ವಾಲಿರುತ್ತದೆ. ಅಲ್ಲಿ ರಿಪೋಸ್ ಹಚ್ಚಿದರೆ ಕೋಣೆ ಮಂಕಾಗಿ ಕಾಣಬಹುದು, ಅಗ್ರೀಯಬಲ್ ಒಪ್ಪುತ್ತದೆ. ದಕ್ಷಿಣ ಅಥವಾ ಪಶ್ಚಿಮದ ಬಿಸಿಲು ಧಾರಾಳವಾಗಿದ್ದರೆ ಅಗ್ರೀಯಬಲ್ ಹಳದಿಗೆ ತಿರುಗಿದಂತೆ ಕಾಣಬಹುದು. ಅಲ್ಲಿ ರಿಪೋಸ್ ವಾಸಿ.

ನೆಲ ಮತ್ತು ಪೀಠೋಪಕರಣಗಳನ್ನೂ ನೋಡಿ. ಓಕ್ ಮರದ ನೆಲ, ತೇಗದ ದೇವರ ಮಂಟಪ, ಹಿತ್ತಾಳೆ ದೀಪಗಳಿಗೆ ಅಗ್ರೀಯಬಲ್ ಹೊಂದುತ್ತದೆ. ಬಿಳಿ ಕ್ಯಾಬಿನೆಟ್, ಬೂದು ಟೈಲ್ ಇರುವಲ್ಲಿ ರಿಪೋಸ್ ಚೆನ್ನ. ಒಗ್ಗರಣೆಯ ಜಿಡ್ಡು ಹಾರುವ ಅಡಿಗೆಮನೆಗೆ ಯಾವುದೇ ಆಗಲಿ, ಒರೆಸಲು ಸುಲಭವಾದ ಸ್ಯಾಟಿನ್ ಫಿನಿಶ್ ಕೇಳಿ.

ಒಂದು ಗ್ಯಾಲನ್ ಬಣ್ಣ ಒಂದು ಕೋಟ್‌ಗೆ ಸುಮಾರು 350ರಿಂದ 400 ಚದರ ಅಡಿಗೆ ಸಾಕಾಗುತ್ತದೆ. ಅಡಿಗೆಮನೆ, ಊಟದ ಜಾಗ, ಹಾಲ್ ಎಲ್ಲ ಒಂದೇ ಆಗಿರುವ ಮನೆಯಲ್ಲಿ ಎರಡು ಕೋಟ್ ಮುಗಿದ ಮೇಲೆ "ಇದು ಬೇಡವಿತ್ತು" ಎನಿಸಿದರೆ ಹಣ, ವಾರಾಂತ್ಯ ಎರಡೂ ಹೋದಂತೆ. ಆದ್ದರಿಂದ ಎರಡರ ಸ್ಯಾಂಪಲ್ ತಂದು, 2 ಅಡಿ ಅಗಲದ ಬಿಳಿ ಹಲಗೆಗಳಿಗೆ ಎರಡು ಕೋಟ್ ಹಚ್ಚಿ, ಅಂಚಿನಲ್ಲಿ ಬಿಳಿ ಉಳಿಸಿ. ಹಳೆ ಬಣ್ಣದ ಗೋಡೆಯ ಮೇಲೆಯೇ ಹಚ್ಚಿದರೆ ಅದರ ಪಕ್ಕದಲ್ಲಿ ಕಣ್ಣು ಮೋಸಹೋಗುತ್ತದೆ. ಹಲಗೆಗಳನ್ನು ಕೋಣೆಯಿಂದ ಕೋಣೆಗೆ ಒಯ್ದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಚ್ಚಿದಾಗ ನೋಡಿ. 2700 ಕೆಲ್ವಿನ್ ಬಲ್ಬ್ ಎರಡನ್ನೂ ಬೆಚ್ಚಗಾಗಿಸುತ್ತದೆ, 5000 ಕೆಲ್ವಿನ್ ತಣ್ಣಗಾಗಿಸುತ್ತದೆ.

ಸ್ನೇಹಿತರ ಮನೆಯಲ್ಲಿ ಚೆಂದ ಕಂಡ ಬಣ್ಣ ಅವರ ಕಿಟಕಿಗೆ ಸರಿ. ನಿಮ್ಮ ಬಣ್ಣವನ್ನು ನಿಮ್ಮ ಕಿಟಕಿಯೇ ಆರಿಸಲಿ.