ಮೊಲದ ಮೂಗೂ ಮನೆಯ ಪರಿಮಳವೂ

ಎಚ್ಚರವಾಗಿರುವ ಮೊಲದ ಮೂಗು ಅದುರುತ್ತಲೇ ಇರುತ್ತದೆ. ನಿಮಿಷಕ್ಕೆ ನೂರು ಸಲಕ್ಕೂ ಮೀರಿ ಅದುರುವುದುಂಟು. ನೋಡುವವರಿಗೆ ಇದು ವಿನೋದ. ಮೊಲಕ್ಕಾದರೋ ಇದು ಸುತ್ತಲಿನ ಲೋಕವನ್ನು ಅರಿಯುವ ಬಗೆ. ಇನ್ನೂ ಕಣ್ಣು ತೆರೆಯದ ಮರಿಯು ತಾಯಿಯ ಮೊಲೆಯನ್ನು ಕಂಡುಕೊಳ್ಳುವುದು ವಾಸನೆಯಿಂದಲೇ. ತಾಯಿಯು ಸಾಮಾನ್ಯವಾಗಿ ದಿನಕ್ಕೊಂದೇ ಸಲ, ಅದೂ ನಾಲ್ಕೈದು ನಿಮಿಷ ಮಾತ್ರ, ಹಾಲೂಡಿಸುತ್ತದೆ. ಅಷ್ಟರಲ್ಲಿ ದಾರಿ ತಪ್ಪಿದ ಮರಿಗೆ ಆ ದಿನ ಉಪವಾಸವೇ ಗತಿ. ಹಾಲಿನಲ್ಲಿರುವ ಒಂದೇ ಒಂದು ರಾಸಾಯನಿಕವು ಮರಿಗಳನ್ನು ಮೊಲೆಯತ್ತ ಸೆಳೆಯಬಲ್ಲುದೆಂದು ಫ್ರಾನ್ಸಿನ ಸಂಶೋಧಕರು 2003ರಲ್ಲಿ ತೋರಿಸಿದರು.

ಇಷ್ಟು ಸೂಕ್ಷ್ಮವಾದ ಘ್ರಾಣೇಂದ್ರಿಯವುಳ್ಳ ಪ್ರಾಣಿಯ ಗೂಡಿನ ಬಳಿಯಲ್ಲಿಯೇ ನಾವು ಊದುಬತ್ತಿ ಹಚ್ಚುತ್ತೇವೆ, ಸಾಂಬ್ರಾಣಿಯ ಹೊಗೆ ಹಾಕುತ್ತೇವೆ, ಸುಗಂಧದ ಸ್ಪ್ರೇ ಸಿಂಪಡಿಸುತ್ತೇವೆ. ಮೂಗು ಕಟ್ಟಿದರೆ ಮನುಷ್ಯನು ಬಾಯಿಯಿಂದ ಉಸಿರಾಡುತ್ತಾನೆ. ಮೊಲಕ್ಕೆ ಆ ಸೌಕರ್ಯವಿಲ್ಲ. ಅದರ ಶ್ವಾಸನಾಳದ ಮುಚ್ಚಳವು ಮೃದುತಾಲುವಿನ ಮೇಲುಗಡೆ ಕುಳಿತಿರುವುದರಿಂದ ಗಾಳಿಗೆ ಮೂಗೊಂದೇ ಹಾದಿ. ಎದೆಗೂಡಂತೂ ಹೊಟ್ಟೆಯ ಮುಂದೆ ತೀರ ಕಿರಿದು. ಬಾಯಿ ತೆರೆದು ಉಸಿರೆಳೆಯುವ ಮೊಲವು ಪ್ರಾಣಸಂಕಟದಲ್ಲಿದೆಯೆಂದೇ ತಿಳಿಯಬೇಕು.

ಹೊಗೆಯನ್ನು ಹಗುರವಾಗಿ ಎಣಿಸಲಾಗದು. ಸೊಳ್ಳೆಬತ್ತಿಯ ಒಂದು ಸುರುಳಿ ಪೂರ್ತಿ ಉರಿದರೆ, 75ರಿಂದ 137 ಸಿಗರೇಟುಗಳಿಂದ ಹೊರಡುವಷ್ಟು ಸೂಕ್ಷ್ಮ ಕಣಗಳು ಹೊರಬೀಳುತ್ತವೆಂದು 2003ರ ಅಧ್ಯಯನವೊಂದು ಲೆಕ್ಕಹಾಕಿತು. ಬಟ್ಟೆಯ ಪೆಟ್ಟಿಗೆಯ ನುಸಿಗುಳಿಗೆಯೂ ಸಾಧುವಲ್ಲ. ಅದರೊಳಗಿನ ನ್ಯಾಫ್ತಲೀನನ್ನು ತಿನ್ನಿಸಿದರೆ ಮೊಲದ ಕಣ್ಣಿಗೆ ಪೊರೆ ಬರುವುದೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಿಳಿದುಬಂದ ಸಂಗತಿ. ಕರ್ಪೂರವೂ ಹೊಟ್ಟೆಗೆ ಹೋದರೆ ವಿಷವೇ. ಹಾಸಿಗೆಗೆಂದು ಕೆಲವರು ಹರಡುವ ಪರಿಮಳದ ಸೀಡರ್ ಹೊಟ್ಟಿನ ವಿಷಯವೂ ಹೀಗೆಯೇ: ಅದರಿಂದ ಇಲಿಗಳ ಯಕೃತ್ತಿನ ಕಾರ್ಯವು ವ್ಯತ್ಯಾಸಗೊಳ್ಳುವುದೆಂದು 1967ರಲ್ಲಿ ಕಂಡುಬಂದಿತು.

ನೆಲಕ್ಕೆ ಬಳಿದ ಫಿನಾಯಿಲು ಮೂಗಿನಿಂದ ಮಾತ್ರವಲ್ಲದೆ ಬಾಯಿಯಿಂದಲೂ ಒಳಹೊಗುತ್ತದೆ. ಮೊಲವು ತನ್ನ ಪಾದಗಳನ್ನೂ ತುಪ್ಪಳವನ್ನೂ ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿ. ನುಂಗಿದ್ದನ್ನು ವಾಂತಿಮಾಡುವ ಶಕ್ತಿಯಾದರೂ ಅದಕ್ಕಿಲ್ಲ.

ಇಷ್ಟಕ್ಕೂ ಪರಿಮಳವನ್ನು ನಾವು ಬಯಸುವುದೇಕೆ? ಗೂಡು ನಾರುತ್ತದೆಂದು. ನಾರುವುದು ಮೂತ್ರದಿಂದ ಹುಟ್ಟಿದ ಅಮೋನಿಯ. ಅದೂ ಮೊಲದ ಶ್ವಾಸಮಾರ್ಗವನ್ನು ಕೆಣಕುವ ವಸ್ತುವೇ. ಅದರ ಮೇಲೆ ಮಲ್ಲಿಗೆಯ ಸ್ಪ್ರೇ ಹೊಡೆದರೆ ಮೋಸಹೋಗುವುದು ಯಜಮಾನನ ಮೂಗು ಮಾತ್ರ. ಅಮೋನಿಯ ಅಲ್ಲಿಯೇ ಇರುತ್ತದೆ, ಜೊತೆಗೆ ಇನ್ನೊಂದು ಉಪದ್ರವ ಸೇರಿರುತ್ತದೆ. ಒದ್ದೆಯಾದ ಹುಲ್ಲನ್ನು ದಿನವೂ ತೆಗೆಯುವುದೇ ತಕ್ಕ ಉಪಾಯ. ಮೊಲದ ಮೂತ್ರದಲ್ಲಿ ಸುಣ್ಣದ ಅಂಶ ಹೆಚ್ಚಾದುದರಿಂದ ತಟ್ಟೆಗೆ ಬಿಳಿಯ ಗಸಿ ಅಂಟುತ್ತದೆ. ನೀರು ಬೆರೆಸಿದ ವಿನಿಗರ್ ಅದನ್ನು ಕರಗಿಸುತ್ತದೆ. ಬಳಿಕ ತೊಳೆದು ಒಣಗಿಸಿದರಾಯಿತು.

ಹಾಗೆಂದು ಪೂಜೆಯನ್ನು ಬಿಡಬೇಕಾಗಿಲ್ಲ. ಊದುಬತ್ತಿ ಹಚ್ಚುವ ಮೊದಲು ಮೊಲವನ್ನು ಬೇರೆ ಕೋಣೆಗೆ ಸಾಗಿಸಿ, ಕಿಟಕಿಗಳನ್ನು ತೆರೆದು, ಹೊಗೆ ಪೂರ್ತಿ ಕಳೆದ ಮೇಲೆ ಕರೆತರಬಹುದು. ಫಿನಾಯಿಲು ಬಳಿದ ನೆಲವನ್ನು ಬರಿಯ ನೀರಿನಿಂದ ಮತ್ತೊಮ್ಮೆ ಒರೆಸಿ, ಒಣಗಿದ ಮೇಲೆಯೇ ಮೊಲವನ್ನು ಬಿಡಬೇಕು.

ಬೇನೆಯನ್ನು ಮೊಲವು ಬಚ್ಚಿಡುತ್ತದೆ. ಬೇಟೆಗೆ ಸಿಕ್ಕುವ ಪ್ರಾಣಿಗಳ ಸ್ವಭಾವವೇ ಅದು. ಆದುದರಿಂದ ಮುಂಗಾಲುಗಳ ಒಳಬದಿಯನ್ನು ಆಗಾಗ ನೋಡುತ್ತಿರಬೇಕು. ಸುರಿಯುವ ಮೂಗನ್ನು ಅದು ಒರೆಸಿಕೊಳ್ಳುವುದು ಅಲ್ಲಿಯೇ. ಕೂದಲು ಒದ್ದೆಯಾಗಿಯೋ ಗಂಟುಕಟ್ಟಿಯೋ ಇದ್ದರೆ ಪಶುವೈದ್ಯರಿಗೆ ತೋರಿಸುವುದು ಲೇಸು. ಅರ್ಧ ದಿನ ಮೇವು ಮುಟ್ಟದಿದ್ದರಂತೂ ಮರುದಿನದವರೆಗೆ ಕಾಯಬಾರದು.