ವಿತರಣಾ ಕಾರ್ಯದಲ್ಲಿ ವಿದ್ಯುತ್ ದ್ವಿಚಕ್ರ ವಾಹನಗಳು

ನಗರಗಳಲ್ಲಿ ಊಟ-ತಿಂಡಿ, ದಿನಸಿ, ಔಷಧಿ ಮುಂತಾದವನ್ನು ಮನೆಬಾಗಿಲಿಗೆ ತಲುಪಿಸಲು ಬ್ಯಾಟರಿಚಾಲಿತ ಸ್ಕೂಟರ್ ಹಾಗೂ ಬೈಕುಗಳನ್ನು ಬಳಸಲಾಗುತ್ತದೆ. ಭಾರತದಲ್ಲಿ ಇವುಗಳ ಪೈಕಿ ಕಡಿಮೆ ವೇಗದ ವಾಹನಗಳಿಗೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಅಗತ್ಯವಿಲ್ಲ. ಈ ವಿನಾಯಿತಿಯಿಂದ ಪರವಾನಗಿ ಇಲ್ಲದವರಿಗೂ ವಿತರಣಾ ಉದ್ಯೋಗದ ಬಾಗಿಲು ತೆರೆದಿದೆ. ಆದರೆ ಅದೇ ವಿನಾಯಿತಿಯಿಂದ ಕಡ್ಡಾಯ ವಿಮೆಯ ರಕ್ಷಣೆಯೂ ಇಲ್ಲವಾಗಿದೆ.

ಕಾನೂನಿನ ಸ್ಥಾನ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತಲೂ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿದ್ದು, ಅಧಿಕೃತ ಪರೀಕ್ಷಾ ಸಂಸ್ಥೆಯು ಅದನ್ನು ದೃಢೀಕರಿಸಿದ್ದರೆ, ಅಂತಹ ಬ್ಯಾಟರಿ ವಾಹನವನ್ನು 'ಮೋಟಾರು ವಾಹನ'ವೆಂದು ಪರಿಗಣಿಸುವುದಿಲ್ಲ. ಈ ಮಿತಿ ಮೀರಿದ ವಾಹನಗಳಿಗೆ ನೋಂದಣಿ, ಪರವಾನಗಿ ಮತ್ತು ವಿಮೆ ಕಡ್ಡಾಯ. ನೋಂದಾಯಿತ ವಿದ್ಯುತ್ ವಾಹನಗಳನ್ನು ಅವುಗಳ ಹಸಿರು ನೋಂದಣಿ ಫಲಕದಿಂದ ಗುರುತಿಸಬಹುದು.

ಬಾಡಿಗೆ ಮತ್ತು ಬ್ಯಾಟರಿ ವಿನಿಮಯ

ಹಲವು ವಿತರಕರು ವಾಹನವನ್ನು ಕೊಳ್ಳದೆ ದಿನದ ಅಥವಾ ವಾರದ ಬಾಡಿಗೆಗೆ ಪಡೆಯುತ್ತಾರೆ. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯುಲು ಸಂಸ್ಥೆಯು ಬಜಾಜ್ ಆಟೋ ಸಹಯೋಗದಲ್ಲಿ 2023ರಲ್ಲಿ ವಿತರಣೆಗೆಂದೇ 'ಡೆಕ್ಸ್ ಜಿಆರ್' ಎಂಬ ವಾಹನವನ್ನು ಹೊರತಂದಿತು. ಊಟದ ಹೊತ್ತಿನಲ್ಲಿ ಬೇಡಿಕೆ ಏರುವುದರಿಂದ ಚಾರ್ಜಿಗಾಗಿ ಗಂಟೆಗಟ್ಟಲೆ ಕಾಯುವುದು ವಿತರಕನಿಗೆ ನಷ್ಟ. ಆದ್ದರಿಂದ ಬರಿದಾದ ಬ್ಯಾಟರಿಯನ್ನು ವಿನಿಮಯ ಕೇಂದ್ರದಲ್ಲಿ ಒಪ್ಪಿಸಿ, ತುಂಬಿದ ಬ್ಯಾಟರಿಯನ್ನು ಪಡೆಯುವ ಪದ್ಧತಿ ಬಳಕೆಗೆ ಬಂದಿದೆ.

ಖರ್ಚು

48 ವೋಲ್ಟ್, 30 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿಯು ಸುಮಾರು 1.4 ಯೂನಿಟ್ ವಿದ್ಯುತ್ತನ್ನು ಸಂಗ್ರಹಿಸುತ್ತದೆ. ಪೆಟ್ರೋಲ್ ವೆಚ್ಚಕ್ಕೆ ಹೋಲಿಸಿದರೆ ಇದರ ಬೆಲೆ ಅತ್ಯಲ್ಪ. ಆದರೆ ಬಾಡಿಗೆ ವಾಹನ ಪಡೆದವನು ದುಡಿಮೆ ಇಲ್ಲದ ದಿನವೂ ಬಾಡಿಗೆ ತೆರಬೇಕಾಗಬಹುದು. ಆದ್ದರಿಂದ ಇಂಧನದ ಉಳಿತಾಯವಷ್ಟೂ ವಿತರಕನ ಕೈಸೇರುತ್ತದೆಂದು ಹೇಳಲಾಗದು. ಪ್ರತಿ ವಿತರಣೆಗೆ ಇಂತಿಷ್ಟೆಂದು ಹಣ ಸಿಗುವ ಕೆಲಸದಲ್ಲಿ, ದೂರದ ಸವಾರಿಗಳಿಗೆ 25 ಕಿ.ಮೀ. ವೇಗದ ಮಿತಿಯೂ ಗಳಿಕೆಯನ್ನು ಕುಗ್ಗಿಸಬಲ್ಲದು.

ಸುರಕ್ಷತೆ

ಲಿಥಿಯಂ-ಅಯಾನ್ ಬ್ಯಾಟರಿಯ ಕೋಶವೊಂದು ದೋಷದಿಂದ ಅತಿಯಾಗಿ ಕಾದರೆ, ಆ ಶಾಖವು ಪಕ್ಕದ ಕೋಶಗಳಿಗೂ ಹರಡಿ ಬೆಂಕಿ ಹೊತ್ತಿಕೊಳ್ಳುತ್ತದೆ. ವಾಸದ ಕೋಣೆಯಲ್ಲಿ, ಹೊರಹೋಗುವ ದಾರಿಯ ಬಳಿ ರಾತ್ರಿಯಿಡೀ ಚಾರ್ಜ್ ಮಾಡುವುದು ಅಪಾಯಕರ. ಇಂತಹ ಬೆಂಕಿ ಅನಾಹುತಗಳ ನಂತರ ಅಮೆರಿಕದ ನ್ಯೂಯಾರ್ಕ್ ನಗರವು 2023ರಲ್ಲಿ ಸುರಕ್ಷತಾ ಪ್ರಮಾಣೀಕರಣವಿಲ್ಲದ ವಿದ್ಯುತ್ ಬೈಕುಗಳ ಮಾರಾಟವನ್ನು ನಿಷೇಧಿಸಿತು. ಭಾರತದಲ್ಲಿಯೂ 2022ರ ಸ್ಕೂಟರ್ ಬೆಂಕಿ ಪ್ರಕರಣಗಳ ಬಳಿಕ ನೋಂದಣಿಗೊಳಪಡುವ ವಾಹನಗಳ ಬ್ಯಾಟರಿ ಪರೀಕ್ಷಾ ಮಾನದಂಡಗಳನ್ನು ಬಿಗಿಗೊಳಿಸಲಾಯಿತು.

ಸರ್ಕಾರಿ ನೀತಿ ಮತ್ತು ಕಾರ್ಮಿಕ ರಕ್ಷಣೆ

ಕರ್ನಾಟಕವು 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ದೇಶದ ಮೊದಲ ರಾಜ್ಯ. ದೆಹಲಿ ಸರ್ಕಾರದ 2023ರ ಯೋಜನೆಯು ದೊಡ್ಡ ವಿತರಣಾ ಸಂಸ್ಥೆಗಳು 2030ರ ಏಪ್ರಿಲ್ ವೇಳೆಗೆ ತಮ್ಮ ವಾಹನಗಳನ್ನು ಸಂಪೂರ್ಣವಾಗಿ ವಿದ್ಯುತ್‌ಚಾಲಿತಗೊಳಿಸಬೇಕೆಂದು ವಿಧಿಸಿತು. ಈ ನೀತಿಗಳು ವಾಹನವನ್ನು ಕುರಿತವು. ಅದನ್ನು ಓಡಿಸುವವರ ವಿಷಯದಲ್ಲಿ, ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯಿದೆಯು ಕಲ್ಯಾಣ ಮಂಡಳಿಯೊಂದನ್ನು ರಚಿಸಿ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ. 1ರಿಂದ 5ರವರೆಗಿನ ಕಲ್ಯಾಣ ಶುಲ್ಕವನ್ನು ಸಂಸ್ಥೆಗಳು ಪಾವತಿಸಬೇಕೆಂದು ನಿಗದಿಪಡಿಸಿದೆ. ವಾಹನಕ್ಕೆ ವಿಮೆ ಕಡ್ಡಾಯವಲ್ಲದ ಕಡೆ, ಅಪಘಾತಕ್ಕೀಡಾದ ವಿತರಕನಿಗೆ ಇಂತಹ ಸಾಮಾಜಿಕ ಭದ್ರತೆಯ ಅಗತ್ಯ ಇನ್ನೂ ಹೆಚ್ಚು.

ಇವನ್ನೂ ನೋಡಿ

ವಿದ್ಯುತ್ ವಾಹನ
ಲಿಥಿಯಂ-ಅಯಾನ್ ಬ್ಯಾಟರಿ
ಗಿಗ್ ಕಾರ್ಮಿಕರು